ಹೊತ್ತಿಗೆ ಸರಿಯಾಗಿ ತಲುಪಿತೇ? – ಒಂದು ಲೆಕ್ಕದ ಚರಿತ್ರೆ

ತುಂಬಾ ದಿನಗಳಿಂದ ಇಲ್ಲಿ ಏನೂ ಬರೆದಿರಲಿಲ್ಲ. ಕೆಲಸ ಜಾಸ್ತಿ ಅನ್ನೋದು ನೆಪ, ಸೋಮಾರಿತನ ಅನ್ನೋದು ನಿಜ :) ಆದರೆ ಕೆಲವು ತಿಂಗಳಿಂದ ಒಂದು ವಿಷಯ ತಲೆಯಲ್ಲಿ ಕೊರೀತಾ ಇದೆ. ಇದನ್ನು ಬರೆದು ಮುಗಿಸದೆ ಬೇರೇನೂ ಬರೆಯೋಕಾಗಲ್ಲ ಅನ್ನಿಸಿ ಶನಿವಾರ ಬೆಳಿಗ್ಗೆ ಕಾಫಿ ಲೋಟ ಹಿಡಿದು ಕೂತಿದೀನಿ. ಸ್ವಲ್ಪ ಉದ್ದ ಆಗಬಹುದು, ಸಹಿಸಿಕೊಳ್ಳಿ.

ನಾನು ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್, ಮಾಡೋದು ಸಾಫ್ಟ್‌ವೇರ್ ಕೆಲಸ. (ನಮ್ಮಲ್ಲಿ ಇದೇನು ಹೊಸದಲ್ಲ ಬಿಡಿ.) ಹೊರದೇಶದ ಒಂದು ಕಂಪನಿ ಆಸ್ಪತ್ರೆಗಳಿಗೆ ಟ್ಯೂಬು, ಫಿಲ್ಟರು, ಸೂಜಿ ಇಂಥ ಸಾಮಾನು ಒದಗಿಸುತ್ತದೆ. ಅದರ ಸಪ್ಲೈ ಚೈನ್, ಅಂದರೆ ಪೂರೈಕೆ ಸರಪಳಿ, ಹೇಗೆ ನಡೀತಿದೆ ಅಂತ ತೋರಿಸುವ ಡ್ಯಾಶ್‌ಬೋರ್ಡ್ ಕಟ್ಟೋದು ನಮ್ಮ ತಂಡದ ಕೆಲಸ. ಪರದೆಯ ಎಡಮೂಲೆಯಲ್ಲಿ ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ ಒಂದು ಅಂಕಿ ಇರುತ್ತದೆ. ನೂರು ಆರ್ಡರುಗಳಲ್ಲಿ ಹೊತ್ತಿಗೆ ಸರಿಯಾಗಿ ತಲುಪಿದ್ದು ಎಷ್ಟು? 95 ದಾಟಿದರೆ ಹಸಿರು, ಅದಕ್ಕಿಂತ ಕೆಳಗೆ ಹಳದಿ, 90ಕ್ಕಿಂತ ಇಳಿದರೆ ಕೆಂಪು. ನಮ್ಮದು ಯಾವಾಗಲೂ ಹಸಿರು. 97ರ ಆಸುಪಾಸು.

ಒಂದು ದಿನ ಒಂದು ದೂರು ನಮ್ಮ ಕೈಗೆ ಬಂತು. ಯಾವುದೋ ಆಸ್ಪತ್ರೆಗೆ 3ನೇ ತಾರೀಖು ಬರಬೇಕಿದ್ದ ಫಿಲ್ಟರುಗಳು 28ಕ್ಕೆ ಬಂದಿದ್ದವು. ಅಷ್ಟರಲ್ಲಿ ಕೆಲವು ರೋಗಿಗಳ ಚಿಕಿತ್ಸೆಯನ್ನು ಮುಂದಕ್ಕೆ ಹಾಕಬೇಕಾಯಿತು ಅಂತ ಬರೆದಿದ್ದರು. ನಾನು ಆ ಆರ್ಡರನ್ನು ನಮ್ಮ ಪರದೆಯಲ್ಲಿ ತೆಗೆದು ನೋಡಿದೆ. ಹಸಿರು! ಹೊತ್ತಿಗೆ ಸರಿಯಾಗಿ ತಲುಪಿದೆ ಅಂತ!

ಡೇಟಾ ತಪ್ಪಿರಬೇಕು ಅಂದುಕೊಂಡೆ. ತಪ್ಪಿರಲಿಲ್ಲ. 3ಕ್ಕೆ ಕೊಡೋಕಾಗಲ್ಲ ಅಂತ ಗೊತ್ತಾದಾಗ ಅವರು ತಾರೀಖನ್ನು 15ಕ್ಕೆ ಬದಲಾಯಿಸಿದ್ದರು. ಆಮೇಲೆ 28ಕ್ಕೆ. ನಮ್ಮ ಪ್ರೋಗ್ರಾಮು ಕೊನೆಗೆ ಹೇಳಿದ ತಾರೀಖನ್ನು ಮಾತ್ರ ನೋಡುತ್ತಿತ್ತು. 28ಕ್ಕೆ ಅಂದಿದ್ದರು, 28ಕ್ಕೇ ಬಂತು. ಸರಿಯಾಗೇ ಇದೆಯಲ್ಲ!

ಆ ಒಂದು ಸಾಲು ಕೋಡ್ ಬರೆದವನು ನಾನೇ. ಬರೆಯುವಾಗ ಎರಡು ನಿಮಿಷ ಹಿಡಿದಿತ್ತು. ಹಾಗೇ ಮಾಡಿ ಅಂತ ಅವರೇ ಬರೆದುಕೊಟ್ಟಿದ್ದರು, ನಾನು ಮಾಡಿದೆ. ಆದರೂ ಅವತ್ತು ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಈ ಅಳತೆಗಳೆಲ್ಲ ಎಲ್ಲಿಂದ ಬಂದವು, ಇವನ್ನು ಮೊದಲು ಯಾರು ಯಾಕೆ ಶುರು ಮಾಡಿದರು ಅಂತ ಹುಡುಕಿಕೊಂಡು ಹೋದೆ. ಸಿಕ್ಕ ಕಥೆ ನಾನಂದುಕೊಂಡದ್ದಕ್ಕಿಂತ ಚೆನ್ನಾಗಿತ್ತು. ಅದನ್ನೇ ಇಲ್ಲಿ ಹೇಳ್ತಾ ಇದೀನಿ.

*

ಕಥೆಯನ್ನು 1913ರಿಂದ ಶುರು ಮಾಡಬಹುದು. ಅಮೆರಿಕದ ವೆಸ್ಟಿಂಗ್‌ಹೌಸ್ ಕಂಪನಿಯಲ್ಲಿ ಫೋರ್ಡ್ ವಿಟ್ಮನ್ ಹ್ಯಾರಿಸ್ ಅಂತ ಒಬ್ಬ ಇಂಜಿನಿಯರ್ ಇದ್ದ. ಕಾಲೇಜು ಮೆಟ್ಟಿಲು ಹತ್ತಿದವನಲ್ಲ, ಓದಿದ್ದು ಹೈಸ್ಕೂಲಿನವರೆಗೆ ಅಷ್ಟೆ. ಆತ ಕೇಳಿದ್ದು ಬಹಳ ಸರಳ ಪ್ರಶ್ನೆ: ಒಂದು ಸಲಕ್ಕೆ ಎಷ್ಟು ಮಾಡಬೇಕು?

ಒಂದೇ ಸಲ ರಾಶಿ ಮಾಡಿಟ್ಟರೆ ದುಡ್ಡೆಲ್ಲ ದಾಸ್ತಾನಿನಲ್ಲಿ ಸಿಕ್ಕಿಕೊಳ್ಳುತ್ತದೆ, ಜಾಗ ಬೇಕು, ಬಡ್ಡಿ ಏರುತ್ತದೆ. ಸ್ವಲ್ಪ ಸ್ವಲ್ಪವೇ ಮಾಡಿದರೆ ಪ್ರತಿ ಸಲ ಯಂತ್ರ ಹೊಂದಿಸುವ ಖರ್ಚು. ಇವೆರಡೂ ಸಮನಾಗುವ ಜಾಗದಲ್ಲಿ ಒಟ್ಟು ಖರ್ಚು ಎಲ್ಲಕ್ಕಿಂತ ಕಡಿಮೆ ಅಂತ ಆತ ಒಂದು ಪುಟ್ಟ ವರ್ಗಮೂಲದ ಸೂತ್ರದಲ್ಲಿ ತೋರಿಸಿದ. ಇಂಜಿನಿಯರಿಂಗ್ ಮಾಡಿದವರಿಗೆ ನೆನಪಿರಬಹುದು, ಪರೀಕ್ಷೆಯ ಹಿಂದಿನ ರಾತ್ರಿ ಬಾಯಿಪಾಠ ಮಾಡಿದ ಇ.ಒ.ಕ್ಯೂ. ಸೂತ್ರ ಅದೇ. ತಮಾಷೆ ಅಂದರೆ ಸೂತ್ರ ಎಲ್ಲ ಪುಸ್ತಕಗಳಿಗೂ ಹೋಯಿತು, ಬರೆದವನ ಮೂಲ ಲೇಖನ ಮಾತ್ರ ದಶಕಗಳ ಕಾಲ ಯಾರ ಕಣ್ಣಿಗೂ ಬೀಳಲಿಲ್ಲ. ಡೊನಾಲ್ಡ್ ಎರ್ಲೆನ್‌ಕಾಟರ್ ಅನ್ನುವ ಪ್ರಾಧ್ಯಾಪಕರು ಅದನ್ನು ಪತ್ತೆ ಹಚ್ಚಿ 1990ರ ಹೊತ್ತಿಗೆ ಹ್ಯಾರಿಸ್‌ನ ಕಥೆ ಬರೆದರು. ಹ್ಯಾರಿಸ್ ಆಮೇಲೆ ಪೇಟೆಂಟ್ ವಕೀಲನಾಗಿದ್ದ!

ಹ್ಯಾರಿಸ್‌ನ ಲೆಕ್ಕದಲ್ಲಿ ಇರುವುದು ಒಂದೇ ಕಾರ್ಖಾನೆ, ಒಂದೇ ಗೋಡೌನು. ಗಿರಾಕಿ ಎಷ್ಟು ಕೇಳುತ್ತಾನೆ ಅನ್ನುವುದು ಮೊದಲೇ ಗೊತ್ತು, ಅದು ಬದಲಾಗುವುದೂ ಇಲ್ಲ. ಗಿರಾಕಿ ಅಂದರೆ ಸೂತ್ರದಲ್ಲಿ ಒಂದು ಅಕ್ಷರ, ಅಷ್ಟೆ.

ಗಿರಾಕಿ ಇಡೀ ಒಂದು ಊರೇ ಆದಾಗ ಏನಾಗುತ್ತದೆ ಅಂತ ನೋಡಬೇಕಾದರೆ 1948ರ ಬರ್ಲಿನ್‌ಗೆ ಹೋಗಬೇಕು. ಸೋವಿಯೆತ್ ಪಡೆಗಳು ಪಶ್ಚಿಮ ಬರ್ಲಿನ್‌ನ ರಸ್ತೆ, ರೈಲು, ಕಾಲುವೆ ಎಲ್ಲ ಮುಚ್ಚಿಬಿಟ್ಟವು. ಇಪ್ಪತ್ತು ಲಕ್ಷ ಜನರಿಗೆ ಹಿಟ್ಟು, ಹಾಲಿನ ಪುಡಿ, ಕಲ್ಲಿದ್ದಲು ಎಲ್ಲವೂ ವಿಮಾನದಲ್ಲೇ ಹೋಗಬೇಕಾಯಿತು. ಬೇರೆ ಬೇರೆ ದೇಶ, ಬೇರೆ ಬೇರೆ ಭಾಷೆ, ಬೇರೆ ಬೇರೆ ನಮೂನೆಯ ಸರಕುಪಟ್ಟಿಗಳು. ಎಡ್ವರ್ಡ್ ಗಿಲ್ಬರ್ಟ್ ಎಂಬ ಅಮೆರಿಕದ ಸೈನಿಕ ಮತ್ತು ಅವನ ಜೊತೆಗಾರರು ಎಲ್ಲರಿಗೂ ಒಂದೇ ನಮೂನೆಯ ಪಟ್ಟಿ ಮಾಡಿದರು. ಟೆಲೆಕ್ಸ್‌ನಲ್ಲಿ ಕಳಿಸಬಹುದು, ಫೋನಿನಲ್ಲಿ ಓದಿ ಹೇಳಬಹುದು. ಇವತ್ತು ಕಂಪನಿಗಳ ಕಂಪ್ಯೂಟರುಗಳು ತಮ್ಮ ತಮ್ಮಲ್ಲೇ ಆರ್ಡರು, ಬಿಲ್ಲು ಕಳಿಸಿಕೊಳ್ಳುವ ಇ.ಡಿ.ಐ. ವ್ಯವಸ್ಥೆಯ ಬೇರು ಇಲ್ಲಿದೆ. ಗಿಲ್ಬರ್ಟ್‌ನನ್ನು ಅದರ ಜನಕ ಅಂತಲೇ ಕರೆಯುತ್ತಾರೆ.

ಬರ್ಲಿನ್‌ನಲ್ಲಿ ಕೆಲಸದ ಅಳತೆ ದಿನಕ್ಕೆ ಎಷ್ಟು ಟನ್ ಇಳಿಸಿದೆವು ಅನ್ನುವುದು. 1949ರ ಈಸ್ಟರ್ ಹೊತ್ತಿಗೆ ದಾಖಲೆ ಮಾಡೋಣ ಅಂತ ಜನರಲ್ ವಿಲಿಯಂ ಟನ್ನರ್ ಹೊರಟರು. 24 ಗಂಟೆಗಳಲ್ಲಿ 1,398 ವಿಮಾನ ಹಾರಾಟ, 12,941 ಟನ್. ದೊಡ್ಡ ಸಾಧನೆಯೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ವಿಷಯ ಗಮನಿಸಿ... ಕೆಲಸ ಸಲೀಸಾಗಲಿ ಅಂತ ಅವತ್ತು ಹೊತ್ತದ್ದು ಬರೀ ಕಲ್ಲಿದ್ದಲು. ಟನ್ ಲೆಕ್ಕದಲ್ಲಿ ದಾಖಲೆ ಬೇಕು ಅಂದರೆ ಔಷಧಿ ಹೊರುವುದಕ್ಕಿಂತ ಕಲ್ಲಿದ್ದಲು ಹೊರುವುದೇ ವಾಸಿ ಅಲ್ಲವೆ? ಬರ್ಲಿನ್ ಜನಕ್ಕೆ ಕಲ್ಲಿದ್ದಲೂ ಬೇಕಿತ್ತು, ಹಾಗಾಗಿ ಯಾರಿಗೂ ನಷ್ಟವಾಗಲಿಲ್ಲ. ಅಳತೆ ಯಾವುದೋ ಕೆಲಸವೂ ಅದಕ್ಕೇ ಹೊಂದಿಕೊಳ್ಳುತ್ತದೆ ಅನ್ನುವುದನ್ನು ಮಾತ್ರ ನಾನಿಲ್ಲಿ ಗುರುತು ಹಾಕಿಕೊಂಡೆ.

*

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ.

ಜೇ ಫಾರೆಸ್ಟರ್ ಎಂ.ಐ.ಟಿ.ಯಲ್ಲಿ ಕಂಪ್ಯೂಟರ್ ಕಟ್ಟಿದ ಮನುಷ್ಯ. ಆರಂಭದ ಕಂಪ್ಯೂಟರುಗಳ ನೆನಪಿನ ಕೋಶವಾಗಿದ್ದ ಮ್ಯಾಗ್ನೆಟಿಕ್ ಕೋರ್ ಮೆಮೊರಿಯಲ್ಲಿ ಆತನ ಕೈವಾಡ ದೊಡ್ಡದು. 1956ರಲ್ಲಿ ಅದನ್ನೆಲ್ಲ ಬಿಟ್ಟು ಅದೇ ಸಂಸ್ಥೆಯ ಮ್ಯಾನೇಜ್‌ಮೆಂಟ್ ಶಾಲೆ ಸೇರಿದ. ಅಲ್ಲಿದ್ದಾಗ ಜನರಲ್ ಎಲೆಕ್ಟ್ರಿಕ್ ಕಂಪನಿಯವರು ಒಂದು ಗೋಳು ಹೇಳಿಕೊಂಡರು. ಕೆಂಟುಕಿಯ ಗೃಹೋಪಯೋಗಿ ವಸ್ತುಗಳ ಕಾರ್ಖಾನೆಗಳಲ್ಲಿ ಕೆಲವೊಮ್ಮೆ ಮೂರು ಪಾಳಿ ದುಡಿದರೂ ಸಾಲುವುದಿಲ್ಲ, ಇನ್ನು ಕೆಲವು ವರ್ಷಗಳಲ್ಲಿ ಅರ್ಧ ಜನರನ್ನು ಮನೆಗೆ ಕಳಿಸಬೇಕಾಗುತ್ತದೆ. ಯಾಕೆ ಹೀಗೆ? ಮಾರುಕಟ್ಟೆಯ ಏರಿಳಿತ ಅಂತ ಎಲ್ಲರೂ ಹೇಳುತ್ತಿದ್ದರು.

ಫಾರೆಸ್ಟರ್ ಕಂಪ್ಯೂಟರ್ ಮುಟ್ಟಲಿಲ್ಲ. ನೋಟ್‌ಬುಕ್ಕು, ಪೆನ್ಸಿಲು ತೆಗೆದುಕೊಂಡು ವಾರ ವಾರದ ದಾಸ್ತಾನು, ಆರ್ಡರು, ಕೆಲಸಗಾರರ ಸಂಖ್ಯೆ ಎಲ್ಲ ಸಾಲು ಸಾಲಾಗಿ ಬರೆಯುತ್ತಾ ಹೋದ. ಗಿರಾಕಿಗಳ ಬೇಡಿಕೆ ಸಮವಾಗಿದ್ದರೂ ಕಾರ್ಖಾನೆಯಲ್ಲಿ ಏರಿಳಿತ ಬಂದೇ ಬರುತ್ತದೆ ಅಂತ ಕಂಡಿತು. ಕಾಯಿಲೆ ಹೊರಗಿನದಲ್ಲ, ಒಳಗಿನದು. ಆರ್ಡರು ಹೋಗಲು ತಡ, ಸಾಮಾನು ಬರಲು ತಡ, ನಡುವೆ ಇರುವ ಪ್ರತಿಯೊಬ್ಬನೂ ಇರಲಿ ಅಂತ ಸ್ವಲ್ಪ ಜಾಸ್ತಿ ಸೇರಿಸಿ ಆರ್ಡರು ಮಾಡುವುದು... ಇಷ್ಟೇ ಸಾಕು. 1958ರಲ್ಲಿ ಲೇಖನವಾಗಿ, 1961ರಲ್ಲಿ 'ಇಂಡಸ್ಟ್ರಿಯಲ್ ಡೈನಮಿಕ್ಸ್' ಎಂಬ ಪುಸ್ತಕವಾಗಿ ಇದು ಹೊರಬಂತು.

ಇದನ್ನು ಆಡಿ ತೋರಿಸಲು ಎಂ.ಐ.ಟಿ.ಯಲ್ಲಿ ಒಂದು ಆಟ ಹುಟ್ಟಿತು, ಬಿಯರ್ ಗೇಮ್ ಅಂತ. (ಹೆಸರು ಕೇಳಿ ಖುಷಿಪಡಬೇಡಿ, ಆಟದಲ್ಲಿ ಬಿಯರ್ ಕೊಡಲ್ಲ :)) ನಾಲ್ಕು ಜನ. ಒಬ್ಬ ಅಂಗಡಿಯವ, ಒಬ್ಬ ಸಗಟು ವ್ಯಾಪಾರಿ, ಒಬ್ಬ ವಿತರಕ, ಒಬ್ಬ ಕಾರ್ಖಾನೆಯವ. ಪರಸ್ಪರ ಮಾತಾಡುವಂತಿಲ್ಲ, ಚೀಟಿಯಲ್ಲಿ ಆರ್ಡರು ಬರೆದು ಕಳಿಸಬೇಕು ಅಷ್ಟೆ. ಗೋಡೌನಿನಲ್ಲಿ ಉಳಿದ ಪ್ರತಿ ಕೇಸಿಗೆ ವಾರಕ್ಕೆ ಅರ್ಧ ಡಾಲರ್ ದಂಡ, ಕೊಡಲಾಗದ ಪ್ರತಿ ಕೇಸಿಗೆ ಒಂದು ಡಾಲರ್.

ಗಿರಾಕಿಗಳು ಮೊದಲ ನಾಲ್ಕು ವಾರ ನಾಲ್ಕು ನಾಲ್ಕು ಕೇಸು ಕೇಳುತ್ತಾರೆ. ಐದನೇ ವಾರದಿಂದ ಎಂಟು. ಆಮೇಲೆ ಕೊನೆವರೆಗೂ ಎಂಟೇ. ಇಷ್ಟೇ ಬದಲಾವಣೆ. ಆದರೆ ಅದು ಅಂಗಡಿಯವನಿಗೆ ಮಾತ್ರ ಕಾಣುತ್ತದೆ. ಅವನು ಗಾಬರಿಯಾಗಿ ಹೆಚ್ಚು ಕೇಳುತ್ತಾನೆ, ಸಗಟಿನವನು ಅದಕ್ಕಿಂತ ಹೆಚ್ಚು, ವಿತರಕ ಇನ್ನೂ ಹೆಚ್ಚು. ಕಾರ್ಖಾನೆಯವನು ಹಗಲೂ ರಾತ್ರಿ ಬಿಯರ್ ತಯಾರಿಸಿ ಮುಗಿಸುವ ಹೊತ್ತಿಗೆ ಆರ್ಡರೇ ನಿಂತುಹೋಗುತ್ತದೆ. ಆಟ ಮುಗಿದ ಮೇಲೆ 'ಗಿರಾಕಿಗಳ ಬೇಡಿಕೆ ಹೇಗಿತ್ತು ಅಂತ ಚಿತ್ರ ಬರೆಯಿರಿ' ಅಂದರೆ ಹಿಂದಿನವರೆಲ್ಲ ಬೆಟ್ಟ ಕಣಿವೆಗಳನ್ನು ಬರೆಯುತ್ತಾರಂತೆ. ನಾಲ್ಕು, ಆಮೇಲೆ ಎಂಟು ಅಂತ ಹೇಳಿದರೆ ನಂಬುವುದೇ ಇಲ್ಲ. ಜಾನ್ ಸ್ಟರ್ಮನ್ 1989ರಲ್ಲಿ ಇಂಥ ಆಟಗಳ ಲೆಕ್ಕ ತೆಗೆದು ಪ್ರಕಟಿಸಿದಾಗ, ತಂಡಗಳು ಸರಾಸರಿ ತೆತ್ತ ಖರ್ಚು ಇರಬೇಕಾದ್ದಕ್ಕಿಂತ ಸುಮಾರು ಹತ್ತು ಪಟ್ಟು ಇತ್ತು.

ಇಲ್ಲಿ ಯಾರೂ ದಡ್ಡರಲ್ಲ, ಯಾರೂ ಕಳ್ಳರಲ್ಲ. ಪ್ರತಿಯೊಬ್ಬನೂ ತನ್ನ ಮುಂದಿರುವ ಚೀಟಿಯನ್ನು ಸರಿಯಾಗಿಯೇ ಓದಿದ್ದಾನೆ. ಆದರೆ ಚೀಟಿಯಲ್ಲಿರುವುದು ಮುಂದಿನವನ ಭಯ. ಬಿಯರ್ ಕುಡಿಯುವವನ ಬಾಯಾರಿಕೆ ಅದರಲ್ಲಿಲ್ಲ.

*

ಹಾಗಾದರೆ ಕೊನೆಯ ಗಿರಾಕಿಯನ್ನೇ ಎಲ್ಲರೂ ನೇರವಾಗಿ ನೋಡುವಂತಾದರೆ? ಆ ಕಣ್ಣು ಬಂದದ್ದು 26 ಜೂನ್ 1974ರಂದು. ಒಹಾಯೊ ರಾಜ್ಯದ ಟ್ರಾಯ್ ಎಂಬ ಊರಿನ ಮಾರ್ಷ್ ಸೂಪರ್‌ಮಾರ್ಕೆಟ್‌ನಲ್ಲಿ ರಿಗ್ಲೀಸ್ ಚೂಯಿಂಗ್ ಗಮ್‌ನ ಒಂದು ಪೊಟ್ಟಣವನ್ನು ಸ್ಕ್ಯಾನರ್ ಮೇಲೆ ಎಳೆದರು. ಬೆಲೆ 67 ಸೆಂಟು. ಬಾರ್‌ಕೋಡ್ ಹಾಕಿ ಬಿಲ್ಲಾದ ಮೊದಲ ವಸ್ತು ಅದು. ಈ ಗೆರೆಗಳ ಯೋಚನೆ ಅದಕ್ಕಿಂತ ಕಾಲು ಶತಮಾನ ಹಳೆಯದು. ಜೋಸೆಫ್ ವುಡ್‌ಲ್ಯಾಂಡ್ ಮಯಾಮಿಯ ಸಮುದ್ರದಂಡೆಯಲ್ಲಿ ಕೂತು ಮರಳಲ್ಲಿ ಬೆರಳಾಡಿಸುತ್ತಾ ಮೋರ್ಸ್ ಕೋಡ್‌ನ ಚುಕ್ಕಿ-ಗೀಟುಗಳನ್ನು ಕೆಳಕ್ಕೆ ಎಳೆದಾಗ ಹೊಳೆದದ್ದಂತೆ. ವುಡ್‌ಲ್ಯಾಂಡ್ ಮತ್ತು ಬರ್ನಾರ್ಡ್ ಸಿಲ್ವರ್‌ಗೆ 1952ರಲ್ಲೇ ಪೇಟೆಂಟ್ ಸಿಕ್ಕಿತ್ತು. ಓದುವ ಯಂತ್ರ ಅಗ್ಗವಾಗಲು ಅಷ್ಟು ಕಾಲ ಬೇಕಾಯಿತು.

ಅಲ್ಲಿಂದ ಮುಂದೆ ಬೇಗ ಬೇಗ ನಡೆಯಿತು. 1982ರಲ್ಲಿ ಕೀತ್ ಆಲಿವರ್ ಎಂಬ ಸಲಹೆಗಾರ ಫೈನಾನ್ಷಿಯಲ್ ಟೈಮ್ಸ್ ಪತ್ರಿಕೆಯೊಂದಿಗೆ ಮಾತಾಡುತ್ತಾ 'ಸಪ್ಲೈ ಚೈನ್ ಮ್ಯಾನೇಜ್‌ಮೆಂಟ್' ಅನ್ನುವ ಪದ ಬಳಸಿದ. 1987ರ ಹೊತ್ತಿಗೆ ವಾಲ್‌ಮಾರ್ಟ್ ತನ್ನ ಅಂಗಡಿಗಳನ್ನೆಲ್ಲ ಉಪಗ್ರಹದ ಮೂಲಕ ಜೋಡಿಸಿತು. 1991ರಲ್ಲಿ ರಿಟೇಲ್ ಲಿಂಕ್ ಅನ್ನುವ ವ್ಯವಸ್ಥೆ ಮಾಡಿ, ನಿಮ್ಮ ಸಾಮಾನು ನಮ್ಮ ಅಂಗಡಿಗಳಲ್ಲಿ ಎಷ್ಟು ಹೋಗಿದೆ ಅಂತ ಪೂರೈಕೆದಾರರೇ ನೋಡಿಕೊಳ್ಳುವಂತೆ ಮಾಡಿತು. ಬಿಯರ್ ಆಟದ ಗೋಡೆ ಒಡೆದಂತಾಯಿತು.

ಆದರೂ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯವರಿಗೆ ಒಂದು ವಿಚಿತ್ರ ಕಾಡುತ್ತಿತ್ತು. ಮಕ್ಕಳು ಡೈಪರ್ ಒದ್ದೆ ಮಾಡುವುದು ವರ್ಷವಿಡೀ ಒಂದೇ ಸಮ! ಅಂಗಡಿಗಳ ಮಾರಾಟದಲ್ಲೂ ದೊಡ್ಡ ಏರಿಳಿತ ಇಲ್ಲ. ವಿತರಕರ ಆರ್ಡರು ಮಾತ್ರ ಸಿಕ್ಕಾಪಟ್ಟೆ ಕುಣಿಯುತ್ತದೆ. ಕಂಪನಿ ತಾನು ಕಚ್ಚಾಮಾಲಿಗೆ ಕೊಡುವ ಆರ್ಡರು ಅದಕ್ಕಿಂತ ಹೆಚ್ಚು ಕುಣಿಯುತ್ತದೆ. ಇದನ್ನವರು ಬುಲ್‌ವಿಪ್ ಅಂತ ಕರೆದರು. ನಮ್ಮ ಬಾರುಕೋಲು ಬೀಸಿದ್ದು ನೋಡಿದ್ದರೆ ಗೊತ್ತಾಗುತ್ತದೆ, ಕೈ ಅಲ್ಲಾಡುವುದು ಗೇಣು, ತುದಿ ಹಾರುವುದು ಮಾರು. ಹಾವ್ ಲೀ, ಪದ್ಮನಾಭನ್, ವಾಂಗ್ ಈ ಮೂವರು 1997ರಲ್ಲಿ ಇದಕ್ಕೆ ನಾಲ್ಕು ಕಾರಣ ಕೊಟ್ಟರು. ಪ್ರತಿಯೊಬ್ಬನೂ ಬಂದ ಆರ್ಡರನ್ನೇ ಬೇಡಿಕೆ ಅಂದುಕೊಂಡು ಮುಂದಿನ ಅಂದಾಜು ಹಾಕುವುದು, ಸಾಗಣೆ ಖರ್ಚು ಉಳಿಸಲು ಒಟ್ಟಿಗೆ ಆರ್ಡರು ಮಾಡುವುದು, ರಿಯಾಯಿತಿ ಬಂದಾಗ ತುಂಬಿಟ್ಟುಕೊಳ್ಳುವುದು, ಮತ್ತು ಸಾಮಾನು ಕಡಿಮೆಯಿದ್ದಾಗ ಸಿಕ್ಕಷ್ಟು ಸಿಗಲಿ ಅಂತ ಬೇಕಾದ್ದಕ್ಕಿಂತ ಹೆಚ್ಚು ಕೇಳುವುದು.

ನಾಲ್ಕನೆಯದನ್ನು ಓದಿದಾಗ ನಗು ಬಂತು. ನಮ್ಮಪ್ಪನ ನೆನಪಾಯಿತು.

*

ಅಪ್ಪನದು ಕಡೂರಿನ ಹತ್ತಿರ ಒಂದು ದಿನಸಿ ಅಂಗಡಿ. 2020ರ ಲಾಕ್‌ಡೌನ್‌ನಲ್ಲಿ ನಾನೂ ಊರಲ್ಲಿದ್ದೆ. ಸ್ಯಾನಿಟೈಸರ್ ಎಲ್ಲೂ ಸಿಗುತ್ತಿರಲಿಲ್ಲ. ಅಪ್ಪನಿಗೆ ಬೇಕಾದದ್ದು ಎರಡು ಬಾಕ್ಸು. ಒಬ್ಬ ಏಜೆನ್ಸಿಯವರಿಗೆ ಹೇಳಿದರೆ ಗ್ಯಾರಂಟಿ ಇಲ್ಲ ಅಂತ ಮೂವರಿಗೂ ಎರಡೆರಡು ಹೇಳಿದರು. ಯಾರು ಮೊದಲು ಕೊಟ್ಟರೆ ಅವರದ್ದು, ಉಳಿದವರಿಗೆ ಬೇಡ ಅಂದರಾಯಿತು ಅನ್ನೋ ಲೆಕ್ಕ. ಜೂನ್‌ನಲ್ಲಿ ಮೂವರದ್ದೂ ಒಂದೇ ವಾರ ಬಂತು! ಅಷ್ಟರಲ್ಲಿ ಎಲ್ಲ ಅಂಗಡಿಯಲ್ಲೂ ಸ್ಯಾನಿಟೈಸರೇ. ಹಳೇ ಪರಿಚಯ, ಬೇಡ ಅನ್ನೋಕೂ ಆಗದೆ ಆರು ಬಾಕ್ಸೂ ಇಳಿಸಿಕೊಂಡರು. ಆಮೇಲೆ ಎಷ್ಟೋ ಕಾಲ ಅದರಲ್ಲೇ ತಕ್ಕಡಿ ಒರೆಸುತ್ತಿದ್ದರು.

ಈಗ ಇದೇ ಕಥೆಯನ್ನು ಸಿಸ್ಕೋ ಕಂಪನಿಗೆ ಹಾಕಿ ನೋಡಿ. 2000ದ ಹೊತ್ತಿಗೆ ಇಂಟರ್‌ನೆಟ್‌ನ ರೌಟರು ಸ್ವಿಚ್ಚುಗಳೆಂದರೆ ಸಿಸ್ಕೋ. ಡಿಜಿಟಲ್ ವ್ಯವಹಾರ ಹೇಗಿರಬೇಕು ಅಂತ ಕೇಳಿದರೆ ಎಲ್ಲರೂ ಅವರತ್ತ ಬೆರಳು ತೋರಿಸುತ್ತಿದ್ದರು. ಆರ್ಡರುಗಳಲ್ಲಿ ಬಹುಪಾಲು ಆನ್‌ಲೈನ್. ತಿಂಗಳ ಲೆಕ್ಕಪುಸ್ತಕವನ್ನು ಒಂದೇ ದಿನದಲ್ಲಿ ಮುಚ್ಚಬಲ್ಲೆವು ಅಂತ ಅವರು ಹೆಮ್ಮೆಯಿಂದ ಹೇಳಿಕೊಂಡಿದ್ದರು.

ಸಾಮಾನಿಗೆ ಕೊರತೆ ಇದ್ದ ಕಾಲ. ಗಿರಾಕಿಗಳು ಸಿಸ್ಕೋಗೂ ಆರ್ಡರು ಕೊಟ್ಟರು, ಅದರ ಪ್ರತಿಸ್ಪರ್ಧಿಗಳಿಗೂ ಕೊಟ್ಟರು, ನಮ್ಮಪ್ಪನ ಹಾಗೇ. ಸಿಸ್ಕೋ ತಾನು ತಯಾರಿಸದೆ ಬೇರೆ ಕಾರ್ಖಾನೆಗಳಿಂದ ಮಾಡಿಸುತ್ತಿತ್ತು. ಒಂದೇ ಆರ್ಡರಿಗೆ ಹಲವು ಕಾರ್ಖಾನೆಗಳು ಪೈಪೋಟಿಗೆ ಬಿದ್ದು ಒಂದೇ ಬಿಡಿಭಾಗಕ್ಕೆ ಕೈಚಾಚಿದಾಗ, ಚಿಪ್ ಮಾಡುವವನಿಗೆ ಒಂದು ಬೇಡಿಕೆ ಮೂರಾಗಿ ಕಾಣುತ್ತಿತ್ತು. ಇಡೀ ಸರಪಳಿಯಲ್ಲಿ ಇಲ್ಲದ ಗಿರಾಕಿಗಳು ತುಂಬಿಕೊಂಡರು. ಪರದೆಯ ಮೇಲೆ ಮಾತ್ರ ಎಲ್ಲವೂ ಕ್ಷಣ ಕ್ಷಣಕ್ಕೂ ಅಪ್‌ಡೇಟ್ ಆಗುತ್ತಿತ್ತು. ಡಾಟ್‌ಕಾಂ ಗುಳ್ಳೆ ಒಡೆದಾಗ ಆರ್ಡರುಗಳು ಆವಿಯಾದವು. 2001ರ ವಸಂತದಲ್ಲಿ ಸಿಸ್ಕೋ ಸುಮಾರು 220 ಕೋಟಿ ಡಾಲರ್ ಬೆಲೆಯ ದಾಸ್ತಾನನ್ನು ನಷ್ಟದ ಲೆಕ್ಕಕ್ಕೆ ಬರೆಯಿತು. ಸಾವಿರಾರು ಜನ ಕೆಲಸ ಕಳೆದುಕೊಂಡರು.

ಅದೇ ವರ್ಷದ ಆರಂಭದಲ್ಲಿ ನೈಕಿ ಕಂಪನಿ ಬೇಡಿಕೆ ಅಂದಾಜಿನ ಹೊಸ ಸಾಫ್ಟ್‌ವೇರ್ ಹಾಕಿಸಿಕೊಂಡು ಎಡವಿತು. ಓಡದ ಶೂಗಳು ರಾಶಿ ಬಿದ್ದವು, ಓಡುವ ಶೂಗಳು ಸಿಗಲಿಲ್ಲ. ಸುಮಾರು 10 ಕೋಟಿ ಡಾಲರ್ ವ್ಯಾಪಾರ ಹೋಯಿತು. ಸಾಫ್ಟ್‌ವೇರ್ ಐ-ಟೂ ಕಂಪನಿಯದ್ದು. ಅವಸರದಲ್ಲಿ ಜಾರಿ ಮಾಡಿದ್ದೇ ತಪ್ಪು ಅಂತ ಕೆಲವರು, ಸಾಫ್ಟ್‌ವೇರಿನದೇ ತಪ್ಪು ಅಂತ ಕೆಲವರು. ಆ ಕಂಪನಿಗೆ ನಮ್ಮ ಬೆಂಗಳೂರಿನಲ್ಲೂ ದೊಡ್ಡ ಕಚೇರಿ ಇತ್ತು. ಇಲ್ಲಿ ಕೂತು ಬರೆಯುವ ಸಾಲುಗಳಿಗೂ ಎಲ್ಲೋ ದೂರದ ಅಂಗಡಿಯ ಖಾಲಿ ಕಪಾಟಿಗೂ ಸಂಬಂಧ ಇದೆ ಅನ್ನುವುದು ನಿನ್ನೆ ಮೊನ್ನೆಯ ಮಾತಲ್ಲ.

ಅಪ್ಪ ಮತ್ತು ಸಿಸ್ಕೋ ಇಬ್ಬರೂ ಮಾಡಿದ್ದು ಒಂದೇ ತಪ್ಪು ಅನ್ನಬಹುದು. ಆದರೆ ಅಪ್ಪನ ಹತ್ತಿರ ಇನ್ನೊಂದು ವಸ್ತು ಇದೆ, ಅದು ಸಿಸ್ಕೋ ಹತ್ತಿರ ಇರಲಿಲ್ಲ. ಉದ್ರಿ ಪುಸ್ತಕದ ಕೊನೆಯ ಹಾಳೆ. ಯಾರಾದರೂ ಏನಾದರೂ ಕೇಳಿ ಅದು ಅಂಗಡಿಯಲ್ಲಿ ಇಲ್ಲದಿದ್ದರೆ ಅಲ್ಲಿ ಬರೆದಿಡುತ್ತಾರೆ. 'ಮೇಷ್ಟ್ರ ಮನೆ, ಅವಲಕ್ಕಿ ದಪ್ಪ.' 'ಕೆಳಗಿನ ಬೀದಿ ಅಜ್ಜಿ, ಕಲ್ಲುಪ್ಪು.' ಇದರ ಬೆಲೆ ನನಗೆ ತಿಳಿದದ್ದು ಈಗ. ಬಾರ್‌ಕೋಡ್‌ಗೆ ಕಾಣುವುದು ಮಾರಾಟವಾದ ವಸ್ತು ಮಾತ್ರ. ಕೇಳಿ, ಸಿಗದೆ, ಬರಿಗೈಯಲ್ಲಿ ವಾಪಸ್ ಹೋದ ಅಜ್ಜಿ ಯಾವ ಸ್ಕ್ಯಾನರ್‌ನಲ್ಲೂ ಬೀಳುವುದಿಲ್ಲ. ಕಪಾಟು ಖಾಲಿ ಇದ್ದ ದಿನ ಕಂಪ್ಯೂಟರ್ ಪ್ರಕಾರ ಬೇಡಿಕೆ ಸೊನ್ನೆ!

*

ಅಳತೆಗಳಿಗೆ ಎಲ್ಲರೂ ಒಪ್ಪುವ ಒಂದು ಭಾಷೆ ಬೇಕು ಅಂತ 1996ರಲ್ಲಿ ಅಮೆರಿಕದಲ್ಲಿ ಸಪ್ಲೈ ಚೈನ್ ಕೌನ್ಸಿಲ್ ಶುರುವಾಯಿತು. ಅವರು ಮಾಡಿದ ಮಾದರಿಯ ಹೆಸರು ಸ್ಕೋರ್. ಯೋಜನೆ, ಖರೀದಿ, ತಯಾರಿಕೆ, ವಿತರಣೆ ಅಂತ ಕೆಲಸವನ್ನು ಭಾಗ ಮಾಡಿ (ವಾಪಸಾತಿ ಆಮೇಲೆ ಸೇರಿತು) ಪ್ರತಿಯೊಂದಕ್ಕೂ ಅಳತೆ ಕೊಟ್ಟರು. ನಂಬಿಕೆ, ವೇಗ, ಹೊಂದಿಕೊಳ್ಳುವ ಶಕ್ತಿ ಇವು ಗಿರಾಕಿಯ ಕಡೆಯಿಂದ ನೋಡುವಂಥವು. ಖರ್ಚು, ಬಂಡವಾಳ ಇವು ಕಂಪನಿಯ ಕಡೆಯಿಂದ ನೋಡುವಂಥವು. ಎರಡೂ ಕಡೆಯಿಂದ ನೋಡಬೇಕು ಅಂತ ಹೇಳಿದ್ದೇ ಇದರ ದೊಡ್ಡತನ ಅಂತ ನನಗನಿಸುತ್ತದೆ. ಕೌನ್ಸಿಲ್ 2014ರಲ್ಲಿ ಬೇರೊಂದು ಸಂಸ್ಥೆಯಲ್ಲಿ ವಿಲೀನವಾಯಿತು. 2022ರಲ್ಲಿ ಸ್ಕೋರ್‌ನ ಡಿಜಿಟಲ್ ಕಾಲದ ಹೊಸ ಆವೃತ್ತಿಯೂ ಬಂತು.

ಇದರಲ್ಲಿ 'ಪರಿಪೂರ್ಣ ಆರ್ಡರ್' ಅನ್ನುವ ಅಳತೆ ನೋಡಿ. ಕೇಳಿದ್ದೆಲ್ಲ ಪೂರ್ತಿ ಬಂತೇ, ಹೇಳಿದ ದಿನ ಬಂತೇ, ಕಾಗದಪತ್ರ ಸರಿಯಿದೆಯೇ, ಮುರಿಯದೆ ಕೆಡದೆ ಬಂತೇ? ನಾಲ್ಕೂ ಸರಿಯಿದ್ದರೆ ಮಾತ್ರ ಲೆಕ್ಕಕ್ಕೆ. ನಾಲ್ಕರಲ್ಲೂ ಬೇರೆ ಬೇರೆಯಾಗಿ ಶೇ. 95 ತೆಗೆದ ಕಂಪನಿಯಲ್ಲಿ ಒಂದರ ತಪ್ಪಿಗೂ ಇನ್ನೊಂದರ ತಪ್ಪಿಗೂ ಸಂಬಂಧ ಇಲ್ಲ ಅಂತಿಟ್ಟುಕೊಂಡು ಗುಣಿಸಿ ನೋಡಿ, 81ಕ್ಕೆ ಇಳಿಯುತ್ತದೆ. ನಾಲ್ಕು ವಿಭಾಗದವರೂ ತಮ್ಮ ತಮ್ಮ ಹಸಿರು ಅಂಕಿ ತೋರಿಸುತ್ತಾರೆ, ಐವರಲ್ಲಿ ಒಬ್ಬ ಗಿರಾಕಿ ಬೈಕೊಳ್ಳುತ್ತಾ ಇರುತ್ತಾನೆ.

ಇನ್ನು 'ಹೇಳಿದ ದಿನ' ಅಂದರೆ ಯಾವುದು? ಸ್ಕೋರ್‌ನ ವಿವರಣೆಯಲ್ಲಿ ಅದು ಗಿರಾಕಿಗೆ 'ಮೊದಲು' ಒಪ್ಪಿಕೊಂಡ ದಿನ. ಮೊದಲು! ಓದಿ ಒಂದು ಕ್ಷಣ ಸುಮ್ಮನೆ ಕೂತೆ. ನನ್ನ ಸಾಲಿನಲ್ಲಿ ಬಿಟ್ಟುಹೋಗಿದ್ದು ಅದೊಂದೇ ಪದ.

ತಾರೀಖು ಯಾರದ್ದು ಅನ್ನುವುದು ಯಾರ ಕೈ ಮೇಲಿದೆ ಅನ್ನುವುದರ ಮೇಲೆ ನಿಂತಿದೆ. 2017ರಲ್ಲಿ ವಾಲ್‌ಮಾರ್ಟ್ ತನ್ನ ಪೂರೈಕೆದಾರರಿಗೆ ಒಂದು ನಿಯಮ ಮಾಡಿತು. ನಾವು ಹೇಳಿದ ದಿನ ಪೂರ್ತಿ ಬರಬೇಕು, ಇಲ್ಲದಿದ್ದರೆ ಸರಕಿನ ಬೆಲೆಯ ಶೇ. 3 ದಂಡ. ತಡವಾದರೆ ಮಾತ್ರವಲ್ಲ, ಬೇಗ ಬಂದರೂ! ಅಲ್ಲಿ ಕೊಳ್ಳುವವನು ದೊಡ್ಡವನು, ಹಾಗಾಗಿ ಗಡಿಯಾರ ಅವನದ್ದು. ನಮ್ಮ ಕಥೆಯಲ್ಲಿ ಕೊಳ್ಳುವವನು ಒಂದು ಆಸ್ಪತ್ರೆ, ಬೇರೆ ದಾರಿ ಇರಲಿಲ್ಲ. ಗಡಿಯಾರ ಮಾರುವವನದ್ದು.

ಬರೀ ಅಳತೆಯನ್ನೇ ಬೈಯುತ್ತಾ ಕೂರುವುದೂ ನ್ಯಾಯವಲ್ಲ. ಟೊಯೊಟಾ ಕಂಪನಿಯವರೇ ದಾಸ್ತಾನು ಕಡಿಮೆ ಇಟ್ಟಷ್ಟೂ ಒಳ್ಳೆಯದು ಅಂತ ಜಗತ್ತಿಗೆ ಕಲಿಸಿದವರು. ಎಲ್ಲ ಕಂಪನಿಗಳ ಡ್ಯಾಶ್‌ಬೋರ್ಡಿನಲ್ಲೂ 'ಎಷ್ಟು ದಿನದ ದಾಸ್ತಾನು' ಅನ್ನುವ ಅಂಕಿ ಇಳಿಯುತ್ತಿದ್ದರೆ ಹಸಿರು. 2011ರಲ್ಲಿ ಜಪಾನಿನ ಭೂಕಂಪದ ನಂತರ ಬಿಡಿಭಾಗಗಳಿಲ್ಲದೆ ಟೊಯೊಟಾ ತಿಂಗಳುಗಟ್ಟಲೆ ಒದ್ದಾಡಿತು. ಆಮೇಲೆ ಅವರು ತಮ್ಮ ಪೂರೈಕೆದಾರರಿಗೆ ಯಾರು ಪೂರೈಸುತ್ತಾರೆ ಅಂತ ಪಟ್ಟಿ ಮಾಡಿ, ಚಿಪ್‌ಗಳಂಥ ಅಪಾಯದ ಭಾಗಗಳನ್ನು ತಿಂಗಳುಗಳ ಮಟ್ಟಿಗೆ ದಾಸ್ತಾನು ಇಡಿಸಿದರು. 2020ರಲ್ಲಿ ಉಳಿದ ಕಾರು ಕಂಪನಿಗಳು ಗಾಬರಿಯಲ್ಲಿ ಚಿಪ್ ಆರ್ಡರು ರದ್ದು ಮಾಡಿ, ವರ್ಷದ ಕೊನೆಗೆ ಮತ್ತೆ ಬೇಕು ಅಂತ ಓಡಿ ಬಂದಾಗ ಸಾಲು ಉದ್ದವಾಗಿತ್ತು. 2021ರ ಮೊದಲ ತಿಂಗಳುಗಳಲ್ಲಿ ಟೊಯೊಟಾ ಬೇರೆಯವರಿಗಿಂತ ಗಟ್ಟಿಯಾಗಿ ನಿಂತಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅವರೂ ಉತ್ಪಾದನೆಯನ್ನು ಶೇ. 40ರಷ್ಟು ಕಡಿತ ಮಾಡಬೇಕಾಯಿತು ಅನ್ನುವುದು ಬೇರೆ. ನನಗೆ ಮುಖ್ಯ ಅನ್ನಿಸಿದ್ದು ಇದು... ತಾನೇ ಜಗತ್ತಿಗೆ ಕಲಿಸಿದ ಅಳತೆಯನ್ನು, ಪೆಟ್ಟು ತಿಂದ ಮೇಲೆ, ತಾನೇ ತಿದ್ದಿಕೊಳ್ಳುವ ಧೈರ್ಯ ಆ ಕಂಪನಿಗಿತ್ತು.

ಚಾರ್ಲ್ಸ್ ಗುಡ್‌ಹಾರ್ಟ್ ಎಂಬ ಬ್ರಿಟಿಷ್ ಅರ್ಥಶಾಸ್ತ್ರಜ್ಞ 1975ರಲ್ಲಿ ಹಣಕಾಸಿನ ವಿಷಯದಲ್ಲಿ ಹೇಳಿದ ಮಾತೊಂದಿದೆ. ಸಾರಾಂಶ ಇಷ್ಟು: ಅಳತೆಯನ್ನೇ ಗುರಿ ಮಾಡಿಕೊಂಡ ದಿನ ಅದು ಅಳತೆಯಾಗಿ ಉಳಿಯುವುದಿಲ್ಲ. ನಮ್ಮ ಗಿರಾಕಿ ಕಂಪನಿಯಲ್ಲಿ ಮ್ಯಾನೇಜರುಗಳ ಬೋನಸ್ಸು ಎಡಮೂಲೆಯ ಆ ಅಂಕಿಗೆ ಕಟ್ಟಿತ್ತು ಅಂತ ನನಗೆ ಆಮೇಲೆ ಗೊತ್ತಾಯಿತು.

*

ಕೊನೆಗೆ ಏನು ಮಾಡಿದೆ ಅಂತ ಕೇಳ್ತೀರಿ. ದೊಡ್ಡ ಶೌರ್ಯವೇನೂ ಇಲ್ಲ. ನಮ್ಮ ಲೀಡ್ ಹತ್ತಿರ ಹೋಗಿ ಹೇಳಿದೆ. 'ಅವರು ಹೇಳಿದ್ದನ್ನೇ ಮಾಡಿದೀವಲ್ಲ, ಬಿಡೋ' ಅಂದರು. ಬಿಡಲಿಲ್ಲ. ಒಂದು ಭಾನುವಾರ ಕೂತು, ಮೊದಲು ಹೇಳಿದ ತಾರೀಖನ್ನು ಹಿಡಿದು ಒಂದು ವರ್ಷದ ಲೆಕ್ಕ ಮತ್ತೆ ಹಾಕಿದೆ. 97 ಇದ್ದದ್ದು 79 ಆಯಿತು. ಅದನ್ನು ಲೀಡ್‌ಗೆ ತೋರಿಸಿದಾಗ ಅವರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮುಂದಿನ ವಾರದ ಕಾಲ್‌ನಲ್ಲಿ ಅವರೇ ವಿಷಯ ಎತ್ತಿದರು. ಆ ಕಡೆ ಒಂದಿಷ್ಟು ಹೊತ್ತು ನಿಶ್ಶಬ್ದ. ಗೋಡೌನ್ ನೋಡಿಕೊಳ್ಳುವ ಹೆಂಗಸೊಬ್ಬರು ಮಾತ್ರ 'ನಮಗಿದು ಮೊದಲೇ ಗೊತ್ತಿತ್ತು' ಅಂದರು.

ಎರಡು ತಿಂಗಳ ಚರ್ಚೆಯ ನಂತರ ಈಗ ಹೊಸ ಅಂಕಿ ಡ್ಯಾಶ್‌ಬೋರ್ಡಿನಲ್ಲಿದೆ. ಮೊದಲ ಪುಟದಲ್ಲಿ ಅಲ್ಲ, ಎರಡನೇ ಪುಟದಲ್ಲಿ. ಎಷ್ಟಿದ್ದರೆ ಹಸಿರು ಎಷ್ಟಿದ್ದರೆ ಕೆಂಪು ಅಂತ ಅವರಲ್ಲೇ ಒಮ್ಮತ ಆಗದ ಕಾರಣ ಅದಕ್ಕೆ ಬಣ್ಣ ಇಲ್ಲ, ಬೂದು. ಎಡಮೂಲೆಯ ದೊಡ್ಡ ಅಂಕಿ ಮೊದಲಿನ ಹಾಗೇ ಹಸಿರಾಗಿ ಹೊಳೀತಾ ಇದೆ. ಆದರೂ ಬೂದು ಅಂಕಿಯನ್ನು ಯಾರು ಎಷ್ಟು ಸಲ ತೆರೆದು ನೋಡಿದರು ಅಂತ ನಮಗೆ ಕಾಣುತ್ತದೆ. (ಹೌದು, ಅದನ್ನೂ ಅಳೀತೀವಿ!) ಗೋಡೌನಿನ ಆ ಹೆಂಗಸು ದಿನಾ ಬೆಳಿಗ್ಗೆ ಮೊದಲು ತೆರೆಯುವುದು ಅದನ್ನೇ.

ಈ ಕಥೆ ಓದಿಕೊಂಡ ಮೇಲೆ ನಾನು ಒಂದು ಅಭ್ಯಾಸ ಮಾಡಿಕೊಂಡಿದೀನಿ. ಯಾವುದೇ ಅಂಕಿ ಬರೆಯುವ ಮುಂಚೆ ಎರಡು ಪ್ರಶ್ನೆ ಕೇಳಿಕೊಳ್ಳೋದು. ಗಡಿಯಾರ ಯಾರದ್ದು? ಈ ಲೆಕ್ಕದಲ್ಲಿ ಬರಿಗೈಯಲ್ಲಿ ವಾಪಸ್ ಹೋದವರು ಎಲ್ಲಿದ್ದಾರೆ? ಎರಡನೆಯದು ಫಾರೆಸ್ಟರ್‌ನಿಂದ ಕಲಿತದ್ದಲ್ಲ, ಉದ್ರಿ ಪುಸ್ತಕದ ಕೊನೇ ಹಾಳೆಯಿಂದ.

ನಿಮ್ಮ ಕೆಲಸದಲ್ಲೂ ಇಂಥ ಹಸಿರು ಅಂಕಿಗಳು ಇರಬೇಕಲ್ಲ? ಶಾಲೆ, ಬ್ಯಾಂಕು, ಆಸ್ಪತ್ರೆ, ಕಾಲ್ ಸೆಂಟರ್ ಎಲ್ಲೇ ಆಗಲಿ. ಇದ್ದರೆ ಬರೆಯಿರಿ, ಓದೋಕೆ ಕಾಯ್ತಿರ್ತೀನಿ. ಕಾಫಿ ಆರಿ ತಣ್ಣಗಾಗಿದೆ, ಇನ್ನೊಂದು ಲೋಟ ಮಾಡಿಕೊಳ್ತೀನಿ :)